ಅಬೂ ಸಾಬಿರರ ಶಿಷ್ಯರು

ನಮ್ಮ ನೂರಾಬಾದಿನವರು ಊರನ್ನು ಹೊಗಳಲು ಶುರುಮಾಡಿದರೆ ಮುಗಿಸುವುದು ತಮ್ಮನ್ನೇ ಹಳಿದುಕೊಂಡು. ಆ ಊರು ಬಿಟ್ಟು ಬಂದು ನಾನು ಮುದುಕಿಯಾದೆ, ಚಾಳಿ ಮಾತ್ರ ಬಿಟ್ಟಿಲ್ಲ. ನಿಮ್ಮೂರು ವಿದ್ಯೆಗೆ ಹೆಸರುವಾಸಿಯಂತಲ್ಲ ಎಂದು ಯಾರಾದರೂ ಕೇಳಿದರೆ ಈ ಕತೆ ಹೇಳುತ್ತೇನೆ. ಆಮೇಲೆ ಅವರು ಕೇಳುವುದಿಲ್ಲ.

ಬಗ್ದಾದಿನಲ್ಲಿ ಪುಸ್ತಕಗಳ ರಾಶಿ, ಕೈರೋದಲ್ಲಿ ಮಸೀದಿಯ ತುಂಬ ಪಾಠ, ಬುಖಾರಾದಲ್ಲಿ ಓಣಿಗೊಬ್ಬ ಪಂಡಿತ ಎಂದು ಕೇಳಿ ಕೇಳಿ ನಮ್ಮ ಸುಲ್ತಾನ ಮುನೀರ್ ಷಾನಿಗೆ ಹೊಟ್ಟೆಕಿಚ್ಚಾಯಿತು. ಒಂದು ದೊಡ್ಡ ಮದರಸಾ ಕಟ್ಟಿಸಿದ. ಕಂಬಗಳು ಬೇಕಾದಷ್ಟಾದವು. ಪಂಡಿತರು ಅಷ್ಟು ಸಿಗಲಿಲ್ಲ.

ಅಲ್ಲೊಂದು ಪದ್ಧತಿ ಇತ್ತು. ಗುರು ಕಂಬಕ್ಕೆ ಒರಗಿ ಕೂರಬೇಕು, ಶಿಷ್ಯರು ಸುತ್ತ ಕೂರಬೇಕು. ಕೇಳಿದ್ದಕ್ಕೆ ಗುರುವಿಗೆ ಉತ್ತರ ತಿಳಿಯದಿದ್ದರೆ ಆತ ಕಂಬ ಬಿಟ್ಟು ಶಿಷ್ಯರ ನಡುವೆ ಬಂದು ಕೂರಬೇಕು.

ಬುಖಾರಾದಿಂದ ಅಲ್ಲಾಮಾ ಸಿರಾಜ್ ಎಂಬ ಪಂಡಿತ ಬಂದ. 'ಗೊತ್ತಿಲ್ಲ' ಎಂಬ ಮಾತು ತನ್ನ ಬಾಯಿಂದ ಈವರೆಗೆ ಬಂದಿಲ್ಲ ಎಂಬುದು ಅವನ ಜಂಬ. ಮದರಸಾ ನೋಡಲು ಹೋದವನು ವಯಸ್ಸಾದ ಮುಲ್ಲಾ ಶಂಸುದ್ದೀನರನ್ನು ಏನೋ ಒಂದು ತೊಡಕಿನ ಪ್ರಶ್ನೆ ಕೇಳಿದ. ಮುಲ್ಲಾ ಸ್ವಲ್ಪ ಯೋಚಿಸಿ, ಗೊತ್ತಿಲ್ಲಪ್ಪ, ನೀವೇ ಹೇಳಿಕೊಡಿ ಎಂದು ಕಂಬ ಬಿಟ್ಟು ಹುಡುಗರ ಪಕ್ಕ ಕೂತರು. ಬುಖಾರಾದಲ್ಲಾದರೆ ಇಂಥವರನ್ನು ಬಾಗಿಲು ಕಾಯುವುದಕ್ಕೂ ಇಟ್ಟುಕೊಳ್ಳುವುದಿಲ್ಲ ಎಂದು ಅಲ್ಲಾಮಾ ನಕ್ಕ.

ಸುಲ್ತಾನನಿಗೆ ಮುಖ ತೋರಿಸಲಾಗದಂತಾಯಿತು. ಶುಕ್ರವಾರದ ಹೊತ್ತಿಗೆ ಮುಲ್ಲಾ ಊರು ಬಿಡಬೇಕೆಂದು ಅಪ್ಪಣೆ ಮಾಡಿದ. ಕೋಲಿಲ್ಲದೆ ಅಂಗಳ ದಾಟಲಾರದ ಮುದುಕ ಎಲ್ಲಿಗೆ ಹೋಗಬೇಕು?

ಆಸ್ಥಾನದ ದಾನಿಯಾಲ್ ಬೇಗ್ ಎದ್ದು ನಿಂತ. ಸುಲ್ತಾನನನ್ನು ನಗಿಸುವುದು ಅವನ ಕೆಲಸ.

"ಹುಜೂರ್, ಗೊತ್ತಿಲ್ಲದವರನ್ನು ಓಡಿಸುವುದಾದರೆ ಮೊದಲು ನನ್ನನ್ನು ಓಡಿಸಬೇಕು. ಬಗ್ದಾದಿಗೆ ಓದಲು ಹೋದೆ. ದಮಾಸ್ಕಸ್ಸಿನ ಗಾಳಿ ಚೆನ್ನಾಗಿದೆ ಎಂದು ಕಳಿಸಿದರು. ಅಲ್ಲಿಯವರು ಕೈರೋದ ನೀರು ಚೆನ್ನಾಗಿದೆ ಎಂದರು. ಕೈರೋದವರು ಬುಖಾರಾದ ದಾರಿ ತೋರಿಸಿದರು. ಬುಖಾರಾದವರು ಬರೀ ದಾರಿ ತೋರಿಸಿದರು."

ಸುಲ್ತಾನನಿಗೆ ನಗು ಬಂತು, ಸಿಟ್ಟು ಇಳಿಯಲಿಲ್ಲ.

"ಹಾಗಾದರೆ ಶುಕ್ರವಾರ ಎಲ್ಲರ ಎದುರಿಗೆ ಈ ಅಲ್ಲಾಮಾನ ಬಾಯಿಂದ 'ಗೊತ್ತಿಲ್ಲ' ಅನ್ನಿಸು. ಮುಲ್ಲಾ ಇಲ್ಲೇ ಇರಲಿ. ಆಗದಿದ್ದರೆ ಇಬ್ಬರೂ ಗಂಟುಮೂಟೆ ಕಟ್ಟಿ."

ಶುಕ್ರವಾರ ಊರೇ ಮದರಸಾದಲ್ಲಿ ನೆರೆಯಿತು. ಅಲ್ಲಾಮಾ ನಡುಗಂಬಕ್ಕೆ ಒರಗಿ ಕೂತ. ದಾನಿಯಾಲ್ ಬೇಗ್ ಎದುರಿಗೆ ಮಂಡಿಯೂರಿದ.

"ಜನಾಬ್, ನಾನು ಅಬೂ ಸಾಬಿರ್ ಅವರ ಜೊತೆ ಬಹಳ ಕಾಲ ತಿರುಗಿದವನು. ಬಗ್ದಾದಿನಿಂದ ಬುಖಾರಾದವರೆಗೆ ಅವರು ಕಾಣದ ವಿದ್ಯಾನಗರವಿಲ್ಲ. ಅವರಷ್ಟು ಗ್ರಂಥ ಹೊತ್ತವರನ್ನು ನಾನು ನೋಡಿಲ್ಲ. ನೀವು ಅವರ ಹೆಸರು ಕೇಳಿರಬೇಕು."

ಅಲ್ಲಾಮಾ ಗಡ್ಡ ನೀವಿಕೊಂಡ. "ಶೇಖ್ ಅಬೂ ಸಾಬಿರರನ್ನು ಅರಿಯದವರು ಯಾರು?"

"ಕಲಿಯುವವನಿಗೆ ಮೊದಲು ಏನು ಬೇಕು ಎಂಬುದರಲ್ಲಿ ಅವರ ಅಭಿಪ್ರಾಯವೇನು?"

ಮೊದಲು ತರ್ಕ, ಆಮೇಲೆ ವ್ಯಾಕರಣ ಎಂಬುದು ಶೇಖರ ಮತ ಎಂದು ಅಲ್ಲಾಮಾ ಶುರುಮಾಡಿದವನು ಬಿಸಿಲು ಅಂಗಳದ ಆಚೆ ಸರಿಯುವವರೆಗೂ ನಿಲ್ಲಿಸಲಿಲ್ಲ. ಇದನ್ನು ಯಾರಿಂದ ಕೇಳಿದಿರಿ ಎಂದು ದಾನಿಯಾಲ್ ವಿಚಾರಿಸಿದ. ಗುರುವಿನ ಗುರು ಯಾರೆಂದು ಹೇಳದ ಮಾತು ಪಂಡಿತರ ಮಂದಿಯಲ್ಲಿ ನಡೆಯುವುದಿಲ್ಲ.

"ನನ್ನ ಗುರುಗಳಿಂದ. ಅವರು ದಮಾಸ್ಕಸ್ಸಿನಲ್ಲಿ ಶೇಖರ ಕಾಲ ಬಳಿ ಕೂತು ಕಲಿತವರು."

"ಕಾಲ ಬಳಿಯೇ? ನಾನು ಅಲ್ಲಿ ಕೂತಾಗಲೆಲ್ಲ ಒದೆಸಿಕೊಂಡಿದ್ದೇನೆ."

"ದೊಡ್ಡವರು ಶಿಷ್ಯರನ್ನು ಹಾಗೆಯೇ ಪರೀಕ್ಷಿಸುವುದು."

"ನಿಜವಿರಬೇಕು. ಈಗ ಅವರಿಗೆ ವಯಸ್ಸಾಗಿದೆ. ನಮ್ಮ ಮನೆಯಲ್ಲೇ ಇದ್ದಾರೆ. ನೀವು ಬಂದಿರುವುದು ತಿಳಿದು ಬಾಗಿಲ ತನಕ ಬಂದಿದ್ದಾರೆ," ಎಂದು ದಾನಿಯಾಲ್ ಕೈ ತೋರಿಸಿದ.

ಜನವೆಲ್ಲ ತಿರುಗಿತು. ಹೆಬ್ಬಾಗಿಲಲ್ಲಿ ಒಂದು ಮುದಿ ಕತ್ತೆ ನಿಂತಿತ್ತು. ಅದರ ಒಂದು ಪಕ್ಕಕ್ಕೆ ಮುಲ್ಲಾ ಅವರ ಗಂಟು, ಇನ್ನೊಂದು ಪಕ್ಕಕ್ಕೆ ದಾನಿಯಾಲನ ಗಂಟು. ಅದು ಮದರಸಾದ ಬೇಲಿಯ ಎಲೆ ಮೇಯುತ್ತಿತ್ತು.

ನಗು ಅಡಗಲು ಬಹಳ ಹೊತ್ತು ಹಿಡಿಯಿತು. ಸುಲ್ತಾನ ಕಣ್ಣೊರೆಸಿಕೊಂಡು, "ಹೇಳಿ ಅಲ್ಲಾಮಾ, ಇವರು ನಿಮಗೆ ಗೊತ್ತೇ?" ಎಂದ.

ಗೊತ್ತು ಎಂದರೆ ಗುರುವಿನ ಗುರು ಕತ್ತೆ ಎಂದಾಗುತ್ತದೆ. ಅಲ್ಲಾಮಾ ಕತ್ತೆಯನ್ನು ನೋಡಿದ, ಜನರನ್ನು ನೋಡಿದ.

"ಗೊತ್ತಿಲ್ಲ," ಎಂದ.

ಪದ್ಧತಿ ಪದ್ಧತಿಯೇ. ಅಲ್ಲಾಮಾ ಕಂಬ ಬಿಟ್ಟು ಕೆಳಗೆ ಬರಬೇಕಾಯಿತು. ಎಲ್ಲಿ ಕೂರುವುದೆಂದು ನಿಂತಿದ್ದಾಗ ಮುಲ್ಲಾ ಶಂಸುದ್ದೀನರು ಸರಿದು ಜಾಗ ಮಾಡಿಕೊಟ್ಟರು. "ಬನ್ನಿ, ಇಲ್ಲಿ ಗಾಳಿ ಚೆನ್ನಾಗಿದೆ. ಮೊನ್ನೆಯಿಂದ ನಾನೂ ಇಲ್ಲೇ ಇದ್ದೇನೆ." ಅದರಲ್ಲಿ ಅಣಕವಿರಲಿಲ್ಲ. ಅಲ್ಲಾಮಾ ತಲೆ ತಗ್ಗಿಸಿ ಕೂತ.

ಸುಲ್ತಾನ ಮುಲ್ಲಾ ಅವರ ಗಂಟನ್ನು ತಾನೇ ಕತ್ತೆಯ ಮೇಲಿಂದ ಇಳಿಸಿದ. ಆಮೇಲೆ ದಾನಿಯಾಲನಿಗೆ ತನ್ನ ಶಾಲು ಹೊದಿಸಿ, "ಕಂಬ ಖಾಲಿ ಇದೆ. ಗೊತ್ತಿದ್ದವನು ನೀನೇ. ಹೋಗಿ ಕೂತುಕೋ," ಎಂದ.

ದಾನಿಯಾಲ್ ಬೇಗ್ ಕೈ ಮುಗಿದ.

"ಬೇಡ ಹುಜೂರ್. ಅಬೂ ಸಾಬಿರ್ ಬೇಜಾರು ಮಾಡಿಕೊಳ್ಳುತ್ತಾರೆ. ಅಷ್ಟೂ ಊರುಗಳಿಗೆ ನಾವು ಜೊತೆಯಲ್ಲೇ ಹೋದೆವು, ಇಬ್ಬರೂ ಅಷ್ಟಷ್ಟೇ ಕಲಿತು ಬಂದೆವು. ಅವರಾದರೂ ಪುಸ್ತಕ ಹೊತ್ತರು; ನಾನು ಅವರ ಮೇಲೆ ಕೂತಿದ್ದೆ."