ಕರಡಿ ಕೊಂಡುಕೊಂಡ ಮೊದಲ ಸರದಿ

ಕಾಡಿನ ಚೆಂಡಾಟದಲ್ಲಿ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೇ ಮರುವರ್ಷ ಹೊಸ ಆಟಗಾರರನ್ನು ಆರಿಸುವ ಮೊದಲ ಸರದಿ. ಆ ಸಲ ಆ ಭಾಗ್ಯ ನರಿಯ ತಂಡದ್ದು. ಗುರಿಯಿಟ್ಟು ಚೆಂಡೆಸೆಯುವ ಕೋತಿಯೊಂದರ ಮೇಲೆ ಕಣ್ಣಿಟ್ಟಿದ್ದ ಮಹಾಮೇಧಾವಿ ಕರಡಿ, ತನ್ನ ತಂಡದ ಜಿಂಕೆ, ಕಾಡುಕೋಣಗಳ ಜೊತೆಗೆ ಮುಂದಿನ ವರ್ಷದ ತನ್ನ ಸರದಿಯನ್ನೂ ನರಿಗೆ ಕೊಟ್ಟು, ಆ ಮೊದಲ ಸರದಿ ಪಡೆದು ಕೋತಿಯನ್ನು ಆರಿಸಿತು. ಕಾಡೆಲ್ಲ ಚಪ್ಪಾಳೆ.

ಮೈದಾನಕ್ಕಿಳಿದ ಕೋತಿ ಕರಡಿಯನ್ನು ಕೇಳಿತು: "ಸ್ವಾಮಿ, ನಾನೆಸೆದ ಚೆಂಡು ಹಿಡಿದು ಓಡುವವರು ಯಾರು?"

"ಜಿಂಕೆ ಓಡುತ್ತಿತ್ತು. ಅದನ್ನು ಕೊಟ್ಟೇ ಅಲ್ಲವೇ ನಿನ್ನನ್ನು ತಂದದ್ದು!"

"ನನ್ನ ಮೇಲೆ ಬೀಳುವವರನ್ನು ತಡೆಯುವವರು?"

"ಕಾಡುಕೋಣವನ್ನೂ ಕೊಟ್ಟೆವು. ಹೆದರಬೇಡ. ಈ ವರ್ಷ ಎಲ್ಲ ಆಟ ಸೋತರೆ ಮುಂದಿನ ಸಲ ಮೊದಲ ಸರದಿ ನಮ್ಮದೇ."

ಎದುರು ತಂಡದ ನರಿ ಕೈಮುಗಿಯಿತು: "ಅದನ್ನು ನನಗೆ ಕೊಟ್ಟಿದ್ದೀರಿ, ಸ್ವಾಮಿ. ದಯಮಾಡಿ ಮನಸ್ಸಿಟ್ಟು ಸೋಲಿ."