ಕೋಳಿಮರಿಯ ಕೊಕ್ಕಿನ ಮೇಲೆ ಬಿಳಿ ಚುಕ್ಕೆ ಬಂದದ್ದು

ಲೋಕ ಆಗಿನ್ನೂ ಹೊಸದು. ಎಷ್ಟು ಹೊಸದು ಅಂದರೆ, ಯಾವ ಕಡೆ ಹರಿಯಬೇಕು ಅಂತ ಹೊಳೆಗೇ ಗೊತ್ತಿರಲಿಲ್ಲ. ಬೆಳಿಗ್ಗೆ ಮೂಡಲ ಕಡೆ ಹೋಗಿ ಸಂಜೆ ಪಡುವಲ ಕಡೆ ವಾಪಸ್ ಬರುತ್ತಿತ್ತು. ಗುಡ್ಡಗಳು ಕೂತಲ್ಲಿ ಕೂರದೆ ಅತ್ತಿತ್ತ ಸರಿದಾಡುತ್ತಿದ್ದವು. ಎಲ್ಲಕ್ಕೂ ಮಾತು ಬರುತ್ತಿತ್ತು. ಗಾಳಿಗಂತೂ ಬಾಯಿ ಮುಚ್ಚೋದೇ ಗೊತ್ತಿರಲಿಲ್ಲ.

ಆ ಕಾಲದಲ್ಲಿ ಕೋಳಿಗಳು ಮನುಷ್ಯರ ಮನೆಯಲ್ಲಿ ಇರಲಿಲ್ಲ. ಕಾಡಿನ ಬಿದಿರು ಮೆಳೆಯಲ್ಲಿ ಇರುತ್ತಿದ್ದವು. ಅವುಗಳ ಮೊಟ್ಟೆಗೆ ಗಟ್ಟಿ ಚಿಪ್ಪು ಅನ್ನೋದೂ ಇರಲಿಲ್ಲ. ಈರುಳ್ಳಿಯ ಒಳಸಿಪ್ಪೆ ಇರುತ್ತಲ್ಲ, ಅಷ್ಟು ತೆಳುವಾದ ಒಂದು ಪೊರೆ, ಅಷ್ಟೇ. ಮರಿ ಒಳಗಿಂದ ಒಂದು ಸಲ ಮೈಮುರಿದರೆ ಸಾಕು, ಪೊರೆ ಹರಿದು ಹೊರಗೆ ಬಂದುಬಿಡುತ್ತಿತ್ತು. ಮರಿಗೇನೋ ಸುಲಭ. ಆದರೆ ಕಾಗೆಗೂ ಸುಲಭ, ಮುಂಗುಸಿಗೂ ಸುಲಭ. ಹತ್ತು ಮೊಟ್ಟೆಯಲ್ಲಿ ಒಂದು ಮರಿ ಉಳಿದರೆ ಅದೇ ಹೆಚ್ಚು.

ಕಾಡಿನ ಅಂಚಿಗೆ ಒಂದು ಹಟ್ಟಿ. ಅಲ್ಲಿ ದುಗ್ಗವ್ವ ಅಂತ ಒಬ್ಬ ಹೆಂಗಸು. ಒಳ್ಳೆಯವಳು. ದಾರಿಯಲ್ಲಿ ಮೇಕೆಮರಿ ಕುಂಟಿದರೆ ಎತ್ತಿಕೊಂಡು ಬಂದು ಕಾಲಿಗೆ ಎಣ್ಣೆ ತೀಡುವವಳು. ಆದರೆ ಅವಳ ಕೈ ಮಾತ್ರ ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಅನ್ನಕ್ಕಿಟ್ಟರೆ ಬೆಂದಿದೆಯಾ ಅಂತ ಹತ್ತು ಸಲ ಮುಚ್ಚಳ ತೆಗೆಯುವಳು. ಅವರೆ ಬೀಜ ಹಾಕಿದರೆ ಮೊಳಕೆ ಬಂದಿದೆಯಾ ಅಂತ ದಿನಾ ಬೆಳಿಗ್ಗೆ ಮಣ್ಣು ಕೆದರಿ ನೋಡುವಳು.

"ಆ ಬೀಜಕ್ಕೆ ಒಂಚೂರು ಉಸಿರಾಡೋಕೆ ಬಿಡೇ ಮಾರಾಯ್ತಿ," ಅಂತ ಗಂಡ ಮಾದಪ್ಪ ನಗುವನು.

"ನೀವು ಸುಮ್ನಿರಿ. ಅದಕ್ಕೆ ಒಳಗೆ ಏನು ಕಷ್ಟವೋ ಏನೋ," ಅನ್ನುವಳು ದುಗ್ಗವ್ವ. ಅವರೆ ಮಾತ್ರ ಒಂದು ವರ್ಷವೂ ಮೊಳೆಯಲಿಲ್ಲ.

ಒಂದು ದಿನ ದುಗ್ಗವ್ವ ಅಂಗಳ ಗುಡಿಸುತ್ತಿದ್ದಳು. ಕಾಡಿನಿಂದ ಒಂದು ಕೆಂಪು ಹೇಂಟೆ ಕೋಳಿ ನಡೆದುಕೊಂಡು ಬಂತು. ಹೆಸರು ಕೆಂಪಿ. ಪುಕ್ಕ ಕೆದರಿಹೋಗಿತ್ತು, ಕಣ್ಣು ಸೋತಿತ್ತು.

"ಅವ್ವಾ, ನನಗೊಂದು ಮೂಲೆ ಕೊಡ್ತೀಯಾ?" ಅಂತ ಕೇಳಿತು. "ಎರಡು ಸಲ ಕಾವಿಗೆ ಕೂತೆ. ಎರಡು ಸಲವೂ ಮೊಟ್ಟೆ ಮುಂಗುಸಿ ಪಾಲಾಯಿತು. ಮನುಷ್ಯರ ಮನೆ ಹತ್ತಿರ ಮುಂಗುಸಿ ಬರೋದಿಲ್ಲವಂತೆ. ನಿನ್ನ ಹಟ್ಟಿಯಲ್ಲಿ ಮರಿ ಉಳಿದರೆ ನಾನೂ ಇರ್ತೀನಿ, ನನ್ನ ಕುಲವೂ ಇರುತ್ತೆ. ಇಲ್ಲಿಯೂ ಉಳಿಯಲಿಲ್ಲ ಅಂದರೆ, ಕಾಡಿನ ಒಳಕ್ಕೆ ಹೊರಟುಹೋಗ್ತೀನಿ. ಆಮೇಲೆ ನಮ್ಮವರು ಯಾರೂ ಮನುಷ್ಯರ ಅಂಗಳ ತುಳಿಯೋದಿಲ್ಲ."

ದುಗ್ಗವ್ವ ಪೊರಕೆ ಕೆಳಗಿಟ್ಟಳು. "ಬಾ ಮಗಳೇ, ಒಳಗೆ ಬಾ," ಅಂದಳು. ಒಂದು ಬುಟ್ಟಿ ತಂದಳು. ತಳಕ್ಕೆ ಬೂದಿ ಹರಡಿ ಮೇಲೆ ಮೆತ್ತಗೆ ಹುಲ್ಲು ಹಾಸಿದಳು. ಹೇನು ಆಗದಿರಲಿ ಅಂತ ಒಂದು ಹಿಡಿ ಬೇವಿನ ಸೊಪ್ಪನ್ನೂ ಇಟ್ಟಳು.

ಬುಟ್ಟಿಯೇನೋ ಆಯಿತು. ಮೊಟ್ಟೆಯ ಪೊರೆ ಮಾತ್ರ ಅದೇ ಈರುಳ್ಳಿ ಸಿಪ್ಪೆ. ಕಾಗೆ ಆಗಲೇ ಮಾಡಿನ ಮೇಲೆ ಬಂದು ಕೂತು ಕತ್ತು ಕೊಂಕಿಸಿ ನೋಡುತ್ತಿತ್ತು. ದುಗ್ಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸೀದಾ ಸುಣ್ಣದ ಗುಡ್ಡದ ಹತ್ತಿರ ಹೋದಳು. ಆ ಗುಡ್ಡಕ್ಕೆ ತುಂಬ ವಯಸ್ಸಾಗಿತ್ತು, ಮೈಯೆಲ್ಲ ಬೆಳ್ಳಗಾಗಿತ್ತು. ಸರಿದಾಡೋದನ್ನು ಬಿಟ್ಟು ಒಂದೇ ಕಡೆ ಕೂತಿದ್ದ ಗುಡ್ಡ ಅಂದರೆ ಅದೊಂದೇ.

"ಸುಣ್ಣದಜ್ಜಾ, ನಮ್ಮ ಕೆಂಪಿಯ ಮೊಟ್ಟೆಗೊಂದು ಗೋಡೆ ಬೇಕು," ಅಂದಳು.

"ನನ್ನ ಕಾಲ ಹತ್ತಿರ ಪುಡಿ ಬಿದ್ದಿದೆ. ತಗೊಂಡು ಹೋಗಿ ತಿನ್ನಿಸು," ಅಂತು ಗುಡ್ಡ. "ಗೋಡೆ ತಾನಾಗಿ ಏಳುತ್ತೆ. ಆದರೆ ದುಗ್ಗವ್ವ, ಗೋಡೆ ಅಂದಮೇಲೆ..."

ಗುಡ್ಡದ ಮಾತು ನಿಧಾನ. ಒಂದು ಮಾತು ಮುಗಿಯಬೇಕಾದರೆ ಎಲೆಅಡಿಕೆ ಜಗಿದು ಮುಗಿಸುವಷ್ಟು ಹೊತ್ತು ಬೇಕು. ದುಗ್ಗವ್ವ ಅಷ್ಟರಲ್ಲಿ ಪುಡಿ ಮಡಿಲಿಗೆ ತುಂಬಿಕೊಂಡು ಅರ್ಧ ದಾರಿ ಬಂದಿದ್ದಳು.

ಕೆಂಪಿ ಸುಣ್ಣದ ಪುಡಿ ತಿಂದಿತು. ದಿನಕ್ಕೊಂದರಂತೆ ಹನ್ನೊಂದು ಮೊಟ್ಟೆ ಇಟ್ಟಿತು. ಅಬ್ಬಾ, ಏನು ಮೊಟ್ಟೆ ಅಂತೀಯಾ! ಬೆರಳಲ್ಲಿ ತಟ್ಟಿದರೆ ಟಣ್ ಅನ್ನಬೇಕು. ಕಾಗೆ ಬಂದು ಕುಕ್ಕಿ ಮೂತಿ ನೋಯಿಸಿಕೊಂಡು, ಬೈಯುತ್ತಾ ಹೋಯಿತು.

ಕೆಂಪಿ ಕಾವಿಗೆ ಕೂತಿತು. ಒಂದು ದಿನವಾಯಿತು, ಎರಡು ದಿನವಾಯಿತು. ದುಗ್ಗವ್ವ ಗಳಿಗೆಗೊಮ್ಮೆ ಬಂದು ರೆಕ್ಕೆ ಎತ್ತಿ ನೋಡುವಳು. ಕೆಂಪಿ ಕೈಗೆ ಪಟ್ ಅಂತ ಕುಕ್ಕುವುದು. "ಅವ್ವಾ, ಬುಟ್ಟಿ ಕೊಟ್ಟೆ, ಸಂತೋಷ. ಇನ್ನು ನನ್ನ ಕೆಲಸ ನನಗೆ ಬಿಡು," ಅನ್ನುವುದು.

ಇಪ್ಪತ್ತು ದಿನ ಕಳೆಯಿತು. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಕೆಂಪಿ ನೀರು ಕುಡಿಯೋಕೆ ಹೋಗಿತ್ತು. ದುಗ್ಗವ್ವ ಬಾಗಿ ಬುಟ್ಟಿಗೆ ಕಿವಿ ಕೊಟ್ಟಳು. ಹನ್ನೊಂದು ಮೊಟ್ಟೆಯೊಳಗಿಂದಲೂ ಸದ್ದು. ಚಿಯ್ಯೋ, ಚಿಯ್ಯೋ.

"ಅಯ್ಯೋ ನನ್ನ ಕಂದಗಳೇ! ಹೊರಗೆ ಬರೋಕೆ ಆಗ್ತಿಲ್ವಾ?" ಅಂದಳು ದುಗ್ಗವ್ವ.

ನಿಜವಾಗಿಯೂ ಆಗುತ್ತಿರಲಿಲ್ಲ. ಆಗಿನ ಮರಿಗಳ ಕೊಕ್ಕು ಹೂವಿನ ಎಸಳಿನಷ್ಟು ಮೆದು. ಪೊರೆ ಹರಿಯೋಕೆ ಅದು ಸಾಕಾಗಿತ್ತು, ಸುಣ್ಣದ ಗೋಡೆಗೆ ಎಲ್ಲಿ ಸಾಕು? ಗುಡ್ಡ ಅವತ್ತು ಹೇಳೋಕೆ ಹೊರಟದ್ದು ಅದನ್ನೇ.

ದುಗ್ಗವ್ವನ ಕೈ ತಡೆಯಲಿಲ್ಲ. ಒಂದು ಮೊಟ್ಟೆ ಎತ್ತಿಕೊಂಡಳು. ಉಗುರಿನಿಂದ ಚಿಪ್ಪು ಬಿಡಿಸಿದಳು. ಇನ್ನೊಂದು ಬಿಡಿಸಿದಳು. ಮತ್ತೊಂದು ಬಿಡಿಸಿದಳು. ಮೂರು ಮರಿ ಅವಳ ಅಂಗೈ ಮೇಲೆ ಬಂದವು. ಅವು ಇನ್ನೂ ಸಿದ್ಧವಾಗಿರಲಿಲ್ಲ. ಹೊಟ್ಟೆಯ ಕಡೆ ಹಳದಿ ಇನ್ನೂ ಒಳಕ್ಕೆ ಸೇರಿರಲಿಲ್ಲ, ರಕ್ತ ಜಿನುಗುತ್ತಿತ್ತು. ಒಂದು ಸಲ ಬಾಯಿ ತೆರೆದವು. ಆಮೇಲೆ ತೆರೆಯಲಿಲ್ಲ.

ಕೆಂಪಿ ವಾಪಸ್ ಬಂತು. ಅವಳ ಕೈ ನೋಡಿತು. ಕೂಗಾಡಲಿಲ್ಲ, ಕುಕ್ಕಲಿಲ್ಲ.

"ಮುಂಗುಸಿ ಹಸಿವಿಗೆ ಕೊಂದಿತು," ಅಂತು ಕೆಂಪಿ. "ನೀನು ಯಾಕವ್ವ ಕೊಂದೆ?"

 ದುಗ್ಗವ್ವನಿಗೆ ಅಳು ಉಕ್ಕಿ ಬಂತು. ಅವಳಿಗೆ ಅಷ್ಟು ನಾಚಿಕೆ, ಅಷ್ಟು ಸಂಕಟ ಯಾವತ್ತೂ ಆಗಿರಲಿಲ್ಲ. ಮೂರು ಮರಿಗಳನ್ನು ತಂಗಡಿ ಗಿಡದ ಕೆಳಗೆ ಮಣ್ಣು ಮಾಡಿದಳು. ಉಳಿದದ್ದು ಎಂಟು ಮೊಟ್ಟೆ. ಎಂಟರೊಳಗೂ ಸದ್ದು ಇತ್ತು, ಆದರೆ ಸಣ್ಣಗಾಗುತ್ತಿತ್ತು. ಹೊತ್ತು ಮುಳುಗೋದರೊಳಗೆ ಏನಾದರೂ ಆಗಲಿಲ್ಲ ಅಂದರೆ ಅವೂ ಹೋದಂತೆಯೇ. ಕೆಂಪಿಯೂ ಹೋದಂತೆಯೇ.

ದುಗ್ಗವ್ವ ಓಡಿದಳು. ಓಡಿ, ಎಡವಿ, ಎದ್ದು, ಮತ್ತೆ ಓಡಿ ಸುಣ್ಣದ ಗುಡ್ಡದ ಕಾಲಿಗೆ ಬಿದ್ದಳು.

"ಅಜ್ಜಾ, ಅವತ್ತು ನಿನ್ನ ಮಾತು ಪೂರ್ತಿ ಕೇಳಲಿಲ್ಲ. ತಪ್ಪಾಯಿತು. ಇವತ್ತು ಎಷ್ಟು ಹೊತ್ತಾದರೂ ಕೇಳ್ತೀನಿ. ಆ ಗೋಡೆ ವಾಪಸ್ ತಗೋ."

ಗುಡ್ಡ ನಿಧಾನವಾಗಿ ಮಾತಾಡಿತು. ದುಗ್ಗವ್ವ ಕಾಲು ಸುಟ್ಟುಕೊಂಡವಳ ಹಾಗೆ ಚಡಪಡಿಸಿದಳು, ಆದರೂ ಕದಲಲಿಲ್ಲ.

"ಕೊಟ್ಟದ್ದನ್ನು ವಾಪಸ್ ತಗೊಳ್ಳೋಕೆ ಆಗೋದಿಲ್ಲ ಮಗಳೇ. ಆ ಗೋಡೆಯನ್ನು ಒಳಗಿನವರೇ ಒಡೆಯಬೇಕು. ತಾನೇ ಒಡೆದುಕೊಂಡು ಬರುವ ಹೊತ್ತಿಗೆ ಮರಿ ಬಲಿತಿರುತ್ತೆ. ಹೊರಗಿನಿಂದ ಒಡೆದರೆ ಬಲಿಯೋದು ಯಾವಾಗ? ಅವಕ್ಕೆ ಬೇಕಾಗಿರೋದು ನಿನ್ನ ಉಗುರಲ್ಲ. ಒಂದು ಉಳಿ."

"ಒಳಗೆ ಇರೋವಕ್ಕೆ ಉಳಿ ಹೇಗೆ ಕೊಡಲಿ ಅಜ್ಜ?"

"ನನ್ನ ಗೋಡೆಯಲ್ಲಿ ಸಣ್ಣ ಸಣ್ಣ ಕಿಂಡಿ ಇಟ್ಟಿದ್ದೀನಿ. ನಿನ್ನ ಕಣ್ಣಿಗೆ ಕಾಣೋದಿಲ್ಲ. ಅಲ್ಲಿ ಹೋಗಿಬರೋನು ಒಬ್ಬನೇ."

"ನಾನೇ, ನಾನೇ!" ಅಂತ ಗಾಳಿ ಕುಣಿದುಕೊಂಡು ಬಂತು. "ದಿನಾ ಹೋಗಿ ಬರ್ತೀನಿ. ಎಂಟೂ ಹುಷಾರಾಗಿವೆ. ಒಂದಕ್ಕೆ ಮಾತ್ರ ಸ್ವಲ್ಪ ಸುಸ್ತು."

ಗುಡ್ಡ ತನ್ನ ಹಣೆಯಿಂದ ಎಂಟು ಚೂರು ಉದುರಿಸಿತು. ಒಂದೊಂದೂ ಅಕ್ಕಿನುಚ್ಚಿಗಿಂತ ಸಣ್ಣದು. "ಇದು ಎರವಲು ಅಷ್ಟೇ. ಮರಿ ಹೊರಗೆ ಬಂದಮೇಲೆ ನನಗೆ ವಾಪಸ್ ಬರಬೇಕು. ಹಣೆ ನನ್ನದು ತಾನೇ!" ಅಂತು.

"ನನ್ನದೂ ಒಂದು ಮಾತಿದೆ," ಅಂತು ಗಾಳಿ. "ನಾನು ಇದನ್ನು ಧೂಳು ಮಾಡಿ ಕಿಂಡಿಯಲ್ಲಿ ತೂರಿಸಿ ಮರಿಗಳ ಕೊಕ್ಕಿನ ತುದಿಗೆ ಅಂಟಿಸ್ತೀನಿ. ಆದರೆ ಕೊನೆಯ ಮರಿ ಹೊರಗೆ ಬರೋ ತನಕ ನೀನು ಮೊಟ್ಟೆ ಮುಟ್ಟಬಾರದು. ಒಂದು ಬೆರಳು ತಾಗಿದರೂ ಉಳಿದ ಚೂರುಗಳೆಲ್ಲ ಪುಡಿಯಾಗಿ ನನ್ನ ಜೊತೆ ಹೊರಟುಬಿಡುತ್ತವೆ."

ದುಗ್ಗವ್ವ ಹೂಂ ಅಂದಳು. ಹೂಂ ಅನ್ನೋದೇನು, ಬಾಯಿಮಾತು. ಕಷ್ಟ ಇದ್ದದ್ದು ಮುಂದೆ.

ಹಟ್ಟಿಗೆ ಬಂದು ಬುಟ್ಟಿಯ ಮುಂದೆ ಕೂತಳು. ಸೆರಗಿನಿಂದ ತನ್ನ ಎರಡೂ ಕೈ ಸುತ್ತಿಕೊಂಡಳು. "ಬಿಗಿಯಾಗಿ ಗಂಟು ಹಾಕಿ," ಅಂತ ಗಂಡನಿಗೆ ಹೇಳಿದಳು. ಮಾದಪ್ಪ ಅವತ್ತು ನಗಲಿಲ್ಲ. ಗಂಟು ಹಾಕಿ ಪಕ್ಕದಲ್ಲಿ ಕೂತ.

ಗಾಳಿ ಬುಟ್ಟಿಯೊಳಗೆ ಸುಯ್ ಅಂತ ಹೋಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಟಿಕ್. ಮತ್ತೆ ಟಿಕ್. ಒಂದು ಮೊಟ್ಟೆಯ ಮೇಲೆ ಸಾಸಿವೆಯಷ್ಟು ಬಿರುಕು ಬಂತು.

"ಬಂತು, ಬಂತು!" ಅಂದಳು ದುಗ್ಗವ್ವ.

ಎಲ್ಲಿ ಬಂತು? ಮರಿ ಒಂದು ತೂತು ಮಾಡಿ ಸುಮ್ಮನೆ ಮಲಗಿಬಿಟ್ಟಿತು. ದುಗ್ಗವ್ವನಿಗೆ ಬೆವರು ಇಳಿಯಿತು. ಕೆಂಪಿ ಮಾತ್ರ ಅಲ್ಲಾಡಲಿಲ್ಲ. ಗಂಟಲೊಳಗೇ ಲೊಕ್ ಲೊಕ್ ಅಂತ ಸದ್ದು ಮಾಡುತ್ತಾ ಕೂತಿತು. ಮರಿ ಸುಧಾರಿಸಿಕೊಂಡು ಎದ್ದಿತು. ಟಿಕ್ ಟಿಕ್ ಅಂತ ಕುಟ್ಟುತ್ತಾ ಒಳಗೇ ಒಂದು ಸುತ್ತು ತಿರುಗಿತು. ಚಿಪ್ಪಿನ ತಲೆ ಮುಚ್ಚಳದ ಹಾಗೆ ಬಿಟ್ಟುಕೊಂಡಿತು. ಒದ್ದೆ ಮರಿ ಉರುಳಿ ಹೊರಗೆ ಬಂತು!

ಒಂದು ಬಂತು, ಎರಡು ಬಂತು. ಹೊತ್ತು ನೆತ್ತಿಯಿಂದ ಇಳಿಯೋದರೊಳಗೆ ಐದು ಬಂತು. ದನ ಮನೆಗೆ ಬರೋ ಹೊತ್ತಿಗೆ ಏಳು ಬಂತು. ಎಂಟನೆಯದು ಬರಲಿಲ್ಲ.

ಅದು ಒಂದು ತೂತು ಮಾಡಿತ್ತು. ತೂತಿನಲ್ಲಿ ಕೊಕ್ಕಿನ ತುದಿ, ಅದರ ಮೇಲೆ ಆ ಬಿಳಿ ಚುಕ್ಕೆ ಕಾಣುತ್ತಿತ್ತು. ಅಲ್ಲಾಡುತ್ತಿರಲಿಲ್ಲ. ಸದ್ದೂ ಇಲ್ಲ.

"ಹೋಗಿಬಿಡುತ್ತೆ ರೀ," ಅಂದಳು ದುಗ್ಗವ್ವ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಒಂದೇ ಒಂದು ಚೂರು ಚಿಪ್ಪು ತೆಗೀತೀನಿ. ಒಂದೇ ಚೂರು."

ಮಾದಪ್ಪ ಗಂಟಿಗೆ ಕೈ ಹಾಕಿದ. "ಗಂಟು ಬಿಚ್ಚಲಾ?" ಅಂದ.

ದುಗ್ಗವ್ವ ಆ ಚುಕ್ಕೆಯನ್ನೇ ನೋಡಿದಳು. ತಂಗಡಿ ಗಿಡದ ಕೆಳಗಿನ ಹಸಿ ಮಣ್ಣು ನೋಡಿದಳು. "ಬೇಡ," ಅಂದಳು. ಆ ಒಂದು ಮಾತು ಹೇಳೋಕೆ ಅವಳಿಗೆ ಜೀವ ಬಾಯಿಗೆ ಬಂದಿತ್ತು. ಆಮೇಲೆ ನೆಲಕ್ಕೆ ಬಾಗಿ, ಕೈಯಿಂದ ಮಾಡಲಾಗದ್ದನ್ನು ಬಾಯಿಂದ ಮಾಡಿದಳು. ಕೆಂಪಿ ಮಾಡುತ್ತಿದ್ದ ಹಾಗೇ ಲೊಕ್ ಲೊಕ್ ಅಂದಳು. "ಇಲ್ಲೇ ಇದ್ದೀನಿ ಕಂದ. ನಿಧಾನಕ್ಕೆ ಬಾ. ನನಗೇನೂ ಅವಸರವಿಲ್ಲ."

ಅವಸರವಿಲ್ಲ ಅಂತ ದುಗ್ಗವ್ವ ಹೇಳಿದ್ದು ಹುಟ್ಟಿದಾರಭ್ಯ ಅದೇ ಮೊದಲು. ಕೆಂಪಿ ತಲೆ ತಿರುಗಿಸಿ ಅವಳನ್ನು ನೋಡಿತು. ಇಬ್ಬರೂ ಕೂಡಿ ಲೊಕ್ ಲೊಕ್ ಅಂದರು.

ಟಿಕ್.

ಬಿಸಿಲು ಕೆಂಪಾಗಿ ಅಂಗಳಕ್ಕೆ ಬಿದ್ದಿತ್ತು. ಎಂಟನೆಯ ಮರಿ ಚಿಪ್ಪು ತಳ್ಳಿ, ಮುಗ್ಗರಿಸಿ, ತಾಯಿಯ ಕಾಲ ಬಳಿ ಬಂದು ಬಿತ್ತು. ಬಿದ್ದು ಎದ್ದು ಚಿಂವ್ ಅಂತು. ಎಂಟರಲ್ಲೂ ಅದರದ್ದೇ ಜೋರು ಗಂಟಲು.

ಮಾದಪ್ಪ ಗಂಟು ಬಿಚ್ಚಿದ. ಆದರೂ ದುಗ್ಗವ್ವ ಕೈ ಚಾಚಲಿಲ್ಲ, ಮಡಿಲಲ್ಲೇ ಇಟ್ಟುಕೊಂಡಳು. ಮರಿಗಳೆಲ್ಲ ಕಾವಿನಲ್ಲಿ ಒಣಗಿ ಉಬ್ಬಿದ ಮೇಲೆ ಕೆಂಪಿ ಬುಟ್ಟಿಯಿಂದ ಇಳಿಯಿತು. ಆ ಎಂಟನೆಯದನ್ನು ಕೊಕ್ಕಿನಿಂದ ಮೆಲ್ಲಗೆ ತಳ್ಳುತ್ತಾ ತಳ್ಳುತ್ತಾ ಅವಳ ಹತ್ತಿರ ತಂದಿತು.

"ಬೆಳಿಗ್ಗೆ ನಿನ್ನ ಕೈ ಕಂಡು ಭಯವಾಗಿತ್ತವ್ವ," ಅಂತು. "ಈಗ ಹಿಡಿ. ನಾವು ಎಲ್ಲಿಗೂ ಹೋಗೋದಿಲ್ಲ."

ದುಗ್ಗವ್ವ ಅಂಗೈ ಬೊಗಸೆ ಮಾಡಿ ನೆಲಕ್ಕಿಟ್ಟಳು. ಮರಿ ತಾನೇ ನಡೆದು ಬಂದು ಅದರಲ್ಲಿ ಕೂತಿತು.

ಮೂರನೆಯ ದಿನ ಗಾಳಿ ಬಂತು. ಎಂಟು ಕೊಕ್ಕಿನಿಂದ ಎಂಟು ಚುಕ್ಕೆ ಉದುರಿಸಿಕೊಂಡು ಹೋಗಿ ಗುಡ್ಡದ ಹಣೆಗೆ ಒಪ್ಪಿಸಿತು. ಅವತ್ತಿನಿಂದ ಯಾವ ಕೋಳಿ ಮರಿ ಮಾಡಿದರೂ ಗಾಳಿ ಗುಡ್ಡದ ಹತ್ತಿರ ಹೋಗಿ ಅದೇ ಎರವಲು ತಂದುಕೊಡುತ್ತೆ. ಆ ವರ್ಷ ದುಗ್ಗವ್ವ ಅವರೆ ಬೀಜ ಹಾಕಿ ಕೆದರಿ ನೋಡಲಿಲ್ಲ. ಚಪ್ಪರದ ತುಂಬ ಅವರೆ ಬಂತು, ಮಾದಪ್ಪ ತಿಂದು ತಿಂದು ಸಾಕು ಅಂದ.

ಅದಕ್ಕೇ ನೋಡು ಮಗಾ, ನಮ್ಮ ಹೇಂಟೆ ಮರಿ ಮಾಡೋ ದಿನ ನಾನು ಸೆರಗಿನಲ್ಲಿ ಕೈ ಸುತ್ತಿಕೊಂಡು ಬುಟ್ಟಿಯ ಮುಂದೆ ಸುಮ್ಮನೆ ಕೂರೋದು. ನಾಳೆ ನಿನ್ನ ಬೊಗಸೆಗೆ ಬರೋ ಮರಿಯ ಕೊಕ್ಕಿನ ತುದಿ ನೋಡು, ಅಕ್ಕಿನುಚ್ಚಿಗಿಂತ ಸಣ್ಣದೊಂದು ಬಿಳಿ ಚುಕ್ಕೆ ಇರುತ್ತೆ. ಎರಡು ಮೂರು ದಿನ ಬಿಟ್ಟು ನೋಡಿದರೆ ಇರೋದಿಲ್ಲ, ಯಾಕೆಂದರೆ ಬಾಗಿಲು ತೆರೆದದ್ದಾಯಿತು, ಗುಡ್ಡದ ಉಳಿ ಗುಡ್ಡಕ್ಕೆ ಹೋಯಿತು.