ಓಲೆಗೋರಿಯ ಸಣ್ಣ ಕಲ್ಲು

ಹೊನ್ನೆಕೋಡಿಯ ಅಳಿವೆಯ ದಂಡೆಯಲ್ಲಿ, ಸುರಹೊನ್ನೆ ಮರದ ಬುಡಕ್ಕೆ, ಒಂದು ದಿಬ್ಬವಿದೆ. ಅದರ ಮೇಲೆ ಆಳೆತ್ತರದ ಒಂದು ಮುರಕಲ್ಲು. ಅದರ ಮಗ್ಗುಲಿಗೆ ಅಂಟಿಕೊಂಡಂತೆ ಮೊಣಕಾಲೆತ್ತರದ ಇನ್ನೊಂದು. ಎರಡರ ಮೇಲೂ ಒಂದಕ್ಷರವಿಲ್ಲ. ಬಂದವರೆಲ್ಲ ತಾಯಿ ಮಗುವಿನ ಗೋರಿಯೆಂದೇ ತಿಳಿದು, ಚಪ್ಪಲಿ ಕಳಚಿ, ಮುಖ ಸಣ್ಣದು ಮಾಡಿಕೊಂಡು ನಿಲ್ಲುತ್ತಾರೆ. ಅಲ್ಲಿ ತಾಯಿಯೂ ಇಲ್ಲ, ಮಗುವೂ ಇಲ್ಲ. ಆದರೆ ಮಗುವಿದೆ ಎಂದು ಈ ಊರು ಒಂದು ದಿನದ ಮಟ್ಟಿಗೆ ನಂಬಿತ್ತು. ನಂಬಿ, ಒಬ್ಬ ಹೆಣ್ಣನ್ನು ಹೊಳೆಯಾಚೆ ಅಟ್ಟಲು ದೋಣಿಯನ್ನೂ ತಂದು ನಿಲ್ಲಿಸಿತ್ತು. ಓಲೆಗೋರಿ ಎಂಬ ಹೆಸರು ಹುಟ್ಟಿದ್ದು ಆ ದಿನವೇ ಎನ್ನುತ್ತಾರೆ.

ಹಿಂದೆ ಒಮ್ಮೆ, ಮೆಣಸಿಗಾಗಿ ಅರಬ್ಬಿ ಹಡಗುಗಳು ಈ ಅಳಿವೆಯೊಳಗೆ ಬರುತ್ತಿದ್ದ ಕಾಲದಲ್ಲಿ, ಮೆನಾಹೆಮ್ ಎಂಬ ಯಹೂದಿ ವ್ಯಾಪಾರಿ ಇಲ್ಲಿ ಮನೆ ಮಾಡಿದ್ದನಂತೆ. ಹೆಂಡತಿ ಕಡಲಾಚೆಯೇ ತೀರಿಕೊಂಡಿದ್ದಳು. ಮನೆವಾರ್ತೆಗೆ ಅಕ್ಕಣಿ ಎಂಬ ವಿಧವೆ. ಗಂಡನಿಲ್ಲದ ಹೆಣ್ಣು, ಹೆಂಡತಿಯಿಲ್ಲದ ಗಂಡು, ಒಂದೇ ಸೂರು. ಊರಿಗೆ ಇನ್ನೇನು ಬೇಕು? ಆದರೆ ಅಕ್ಕಣಿಯ ಎದೆಯಲ್ಲಿ ಕೂತಿದ್ದ ಗುಟ್ಟು ಊರು ಬಾಯಿ ಚಪ್ಪರಿಸುತ್ತಿದ್ದ ಗುಟ್ಟಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಸೌದೆ ಒದ್ದೆಯಾಗಿ ಒಲೆ ಹತ್ತಲೊಲ್ಲದೆ, ಕಿಟಕಿಯ ಬಳಿ ಬಿದ್ದಿದ್ದ ಹರಕು ಹಾಳೆಯೊಂದನ್ನು ಅವಳು ಉರಿಗೆ ಇಟ್ಟಿದ್ದಳು. ಸಂಜೆ ಮೆನಾಹೆಮ್ ಅದಕ್ಕಾಗಿ ಮನೆಯೆಲ್ಲ ತಡಕಾಡಿದ. ಅವನ ತಂದೆ ಕೈಯಾರೆ ಬರೆದ ಪ್ರಾರ್ಥನೆಯಂತೆ ಅದು. "ದೇವರ ಹೆಸರು ಬರೆದದ್ದನ್ನು ಸುಡಬಾರದು, ಎಸೆಯಬಾರದು. ಹರಿದು ಜೀರ್ಣವಾದರೆ ಮನುಷ್ಯರನ್ನು ಹೂಳುವ ಹಾಗೆ ಮಣ್ಣಿಗೆ ಕೊಡಬೇಕು. ಅದು ನಮ್ಮ ಕಟ್ಟಳೆ" ಎಂದ. ಅಕ್ಕಣಿ ಒಲೆಗೆ ಬೆನ್ನು ಕೊಟ್ಟು ನಿಂತು, "ಗಾಳಿಗೆ ಹಾರಿರಬೇಕು, ಒಡೆಯಾ" ಎಂದುಬಿಟ್ಟಳು. ಅವನು ಅತ್ತ ಹೋದದ್ದೇ ತಡ, ಒಲೆಯ ಬೂದಿಯನ್ನೆಲ್ಲ ಬರಿಗೈಯಲ್ಲಿ ಗೋರಿ ಒಂದು ಕುಡಿಕೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಅಕ್ಕಿಯ ಮಡಕೆಯೊಳಗೆ ಹುದುಗಿಸಿಟ್ಟಳು. ಅಂದಿನಿಂದ ಆ ಮನೆಯಲ್ಲಿ ಒಂದು ಚೂರು ಕಾಗದವೂ ನೆಲ ಕಾಣಲಿಲ್ಲ. ವ್ಯಾಪಾರದ ಓಲೆಗಳೂ ದೇವರ ಹೆಸರಿನಿಂದಲೇ ಶುರುವಾಗುತ್ತಿದ್ದುದರಿಂದ ಅವನ್ನೂ ಹೆಕ್ಕಿ ಹೆಕ್ಕಿ ದೊಡ್ಡ ಭರಣಿಗೆ ಹಾಕುತ್ತಿದ್ದಳು.

ಎಂಟನೆಯ ವರ್ಷಕ್ಕೆ ಭರಣಿ ತುಂಬಿತು. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತುವ ಮುಂಚೆ ಅಕ್ಕಣಿ, ಒಡೆಯನ ಕಣ್ಣು ತಪ್ಪಿಸಿ, ಕುಡಿಕೆಯನ್ನೂ ಓಲೆಗಳ ನಡುವೆ ಇಳಿಸಿದಳು. ನಡುಹಗಲಲ್ಲಿ ಇಬ್ಬರೂ ಸುರಹೊನ್ನೆಯ ಬುಡದಲ್ಲಿ ಗುಂಡಿ ತೋಡಿ, ಭರಣಿ ಇಟ್ಟು, ಅವನು ಏನೋ ಮಣಮಣ ಹೇಳಿ, ಮಣ್ಣು ಮುಚ್ಚಿ ಕೈ ತೊಳೆದುಕೊಂಡರು. ಅಂಗಳದಲ್ಲಿ ಭತ್ತ ಹರವುತ್ತಿದ್ದ ಮಾಚಕ್ಕ, ಊರ ಯಜಮಾನ ಕುಪ್ಪ ಹೆಗ್ಡೆಯ ಅಕ್ಕ, ಇದನ್ನು ಕಣ್ತುಂಬ ಕಂಡಳು. ಕಂಡದ್ದು ಭರಣಿ, ಮೂರನೆಯ ಮನೆ ಮುಟ್ಟುವಷ್ಟರಲ್ಲಿ ಅದು ಕೂಸಾಗಿತ್ತು, ಐದನೆಯ ಮನೆಯಲ್ಲಿ ಕೂಸಿಗೆ ಅಪ್ಪನ ಮೂಗು ಬಂದಿತ್ತು.

ಮರುದಿನ ಬೆಳಗ್ಗೆ ಊರೇ ದಿಬ್ಬದ ಬಳಿ ನೆರೆಯಿತು. ದಂಡೆಯಲ್ಲಿ ದೋಣಿ ಸಿದ್ಧವಾಗಿತ್ತು.

"ಬಿಳಿ ಬಟ್ಟೆ ಸುತ್ತಿ ಹೂತದ್ದು ಎಂತ ಮಾರಾಯ್ತಿ, ಉಪ್ಪಿನಕಾಯಿಯಾ?" ಎಂದಳು ಮಾಚಕ್ಕ.

"ಹಳೇ ಓಲೆ, ಅಕ್ಕಾ" ಎಂದಳು ಅಕ್ಕಣಿ.

ಹೆಗ್ಡೆ ತಲೆಯಾಡಿಸಿದ. "ಓಲೆ ಹಳತಾದರೆ ಹೊಳೆಗೆ ಬಿಡ್ತಾರೆ. ಹೂಳುವವರನ್ನ ನಾ ಕಂಡದ್ದಿಲ್ಲ. ಅಗೆಯಿರೋ!"

"ಬೇಡ!" ಎಂದು ಅಕ್ಕಣಿ ಚೀರಿದಳು. ಚೀರಿದ ಮೇಲೆ ತಾನೇ ತನ್ನ ಕುತ್ತಿಗೆಗೆ ಹಗ್ಗ ಹಾಕಿಕೊಂಡೆನೆಂದು ತಿಳಿಯಿತು. ಅಗೆಯದಿದ್ದರೆ ದೋಣಿ ಹತ್ತಬೇಕು. ಅಗೆದರೆ ಕುಡಿಕೆ ಸಿಗುತ್ತದೆ. ದೇವರ ಹೆಸರನ್ನು ಸುಟ್ಟು ಎಂಟು ವರ್ಷ ಸುಳ್ಳಿನ ಮೇಲೆ ಉಂಡವಳು ಎಂದು ಒಡೆಯನಿಗೆ ಗೊತ್ತಾಗುತ್ತದೆ. ಮಣ್ಣಿಗೆ ಕೊಟ್ಟದ್ದನ್ನು ಮತ್ತೆ ಎತ್ತಲು ಮೆನಾಹೆಮನಿಗೂ ಕೈ ಬಾರದು. ಕಡೆಗೆ ತಾನೇ ಹಾರೆ ತೆಗೆದುಕೊಂಡ. "ಬೇರೆಯವರ ಕೈ ಬೇಡ. ಮನುಷ್ಯರ ಮಾನ ದೊಡ್ಡದು ಅನ್ನುವುದೂ ನಮ್ಮ ಕಟ್ಟಳೆಯೇ" ಎಂದ.

ಭರಣಿ ಮೇಲೆ ಬಂತು. ಒಳಗೆ ಓಲೆ, ಮತ್ತೂ ಓಲೆ. ಜನ ಒಬ್ಬೊಬ್ಬರೇ ತಲೆ ತಗ್ಗಿಸಿ ಹಿಂದೆ ಸರಿಯತೊಡಗಿದರು. ಮಾಚಕ್ಕ ಮಾತ್ರ ಮೊಣಕೈವರೆಗೆ ಕೈ ಇಳಿಸಿ ಕುಡಿಕೆಯನ್ನು ಎತ್ತಿಯೇ ಎತ್ತಿದಳು. ಬಟ್ಟೆ ಬಿಚ್ಚಿದರೆ ಬೂದಿ. "ಸುಟ್ಟು ಹಾಕಿದಾರೆ, ಪಾಪಿಗಳು!" ಎಂಬ ಅವಳ ಕೂಗಿಗೆ ಮರದ ಕಾಗೆಗಳೆಲ್ಲ ಎದ್ದವು. ದೋಣಿಯವನು ಹಗ್ಗ ಬಿಚ್ಚಿದ.

ಅಕ್ಕಣಿ ಮಣ್ಣಿನ ಮೇಲೆ ಮೊಣಕಾಲೂರಿದಳು. ಅವಳು ಮುಖ ಮಾಡಿದ್ದು ಊರಿನ ಕಡೆಗಲ್ಲ. "ಆ ಹಾಳೆ, ಒಡೆಯಾ. ಗಾಳಿಗೆ ಹಾರಿದ್ದಲ್ಲ. ನಾನೇ ಒಲೆಗಿಟ್ಟೆ."

"ಕಟ್ಟುಕತೆ!" ಎಂದಳು ಮಾಚಕ್ಕ. ಮೆನಾಹೆಮ್ ಹೆಗಲ ಬಿಳಿ ವಸ್ತ್ರವನ್ನು ಹಾಸಿ ಬೂದಿ ಸುರಿದು ಬೆರಳಲ್ಲಿ ಹರವಿದ. ಹಾಳೆಯ ಉಗುರಿನಷ್ಟಗಲದ ಕರಕಲಾದ ಮೂಲೆಯೊಂದು ಸಿಕ್ಕಿತು. ಅದರಲ್ಲಿ ಎರಡೇ ಅಕ್ಷರ. ಭರಣಿಯಿಂದ ತಂದೆಯ ಕೈಬರಹದ ಓಲೆಯೊಂದನ್ನು ಹೆಕ್ಕಿ ಪಕ್ಕಕ್ಕಿಟ್ಟು ಹೆಗ್ಡೆಗೆ ತೋರಿಸಿದ. ಹೆಗ್ಡೆಗೆ ಆ ಲಿಪಿ ಓದಲು ಬಾರದು. ಆದರೆ ಒಂದೇ ಕೈ ಎಳೆದ ಗೆರೆಗಳೆಂದು ಕಣ್ಣಿಗೆ ಕಾಣುತ್ತಿತ್ತು. ಅವನು ಅಕ್ಕನ ಕಡೆ ತಿರುಗಿ, "ಇನ್ನು ಮನೆಗೆ ನಡೆ" ಎಂದ.

ಅಕ್ಕಣಿ ಇನ್ನೂ ತಲೆ ಎತ್ತಿರಲಿಲ್ಲ. ಮೆನಾಹೆಮ್ ಅವಳೆದುರು ಕುಕ್ಕರುಗಾಲಲ್ಲಿ ಕೂತ. "ಅಪ್ಪನ ಹಾಳೆಯನ್ನು ಕಿಟಕಿಯಲ್ಲಿ ಬಿಟ್ಟವನು ನಾನು. ನಾಲ್ಕು ದಿನ ಹುಡುಕಿ ಕೈಬಿಟ್ಟವನೂ ನಾನೇ. ಎಂಟು ವರ್ಷ ಸೂತಕ ಹಿಡಿದವಳು ನೀನು. ಏಳು, ಮಣ್ಣು ಹಾಕು." ಭರಣಿಯನ್ನು ಮತ್ತೆ ಮಣ್ಣು ಮಾಡಿದರು. ಕುಡಿಕೆಗೆ ಮೆನಾಹೆಮ್ ಬೇರೆಯೇ ಪುಟ್ಟ ಗುಂಡಿ ತೋಡಿಸಿದ. ಎರಡು ಕಲ್ಲನ್ನೂ ಹೆಗ್ಡೆಯೇ ತನ್ನ ಮನೆ ಕಟ್ಟಲು ತರಿಸಿದ್ದರಲ್ಲಿ ಆರಿಸಿ ನಿಲ್ಲಿಸಿದನಂತೆ. ಮಾಚಕ್ಕನೋ, ಆ ಹೆಣ್ಣು ಅಪ್ಪಟ ಚಿನ್ನವೆಂದು ತಾನು ಮೊದಲೇ ಹೇಳಿದ್ದೆನಲ್ಲ ಎಂದು ಸಾಯುವತನಕ ಸಾರಿಕೊಂಡು ತಿರುಗಿದಳು.

ಇಂದಿಗೂ ಈ ಊರಿನಲ್ಲಿ ಹಳೆಯ ಪಂಚಾಂಗ, ದೇವರ ಪಟದ ಕ್ಯಾಲೆಂಡರು, ಗಣಪತಿ ಅಚ್ಚಾದ ಮದುವೆ ಕರೆಯೋಲೆ ಯಾವುದನ್ನೂ ಯಾರೂ ಒಲೆಗಿಡುವುದಿಲ್ಲ; ದಿಬ್ಬದ ಮಗ್ಗುಲಲ್ಲಿ ಹೂತು ಕೈ ತೊಳೆದುಕೊಂಡು ಬರುತ್ತಾರೆ. ಹೆಂಗಸರು ಮುಟ್ಟಿ ಮುಟ್ಟಿ ಸಣ್ಣ ಕಲ್ಲಿನ ನೆತ್ತಿ ನುಣ್ಣಗಾಗಿದೆ. ಪರವೂರಿನವರು ಅದರ ಮುಂದೆ ನಿಂತು, "ಪಾಪ, ಎಷ್ಟು ದಿನದ ಕೂಸು?" ಎಂದು ಕೇಳುತ್ತಾರೆ. "ಎಂಟು ವರ್ಷದ್ದು" ಎನ್ನುತ್ತಾರೆ ಊರಿನ ಹೆಂಗಸರು.